ಎರ್ರಮ್ಮ ಏಳಲಿಲ್ಲ

"ಈ ವರ್ಷದ ಉದ್ಯಮರತ್ನ, ಕುರುಗೋಡಿನ ಶ್ರೀಮತಿ ಈರಮ್ಮ" ಎಂದು ನಿರೂಪಕ ಮೂರನೆಯ ಸಲ ಕೂಗಿದರೂ ಮುಂದಿನ ಸಾಲಿನಲ್ಲಿ ಕೂತಿದ್ದ ಎರ್ರಮ್ಮ ಅಲುಗಲಿಲ್ಲ. ಬಳ್ಳಾರಿಯ ಗಾಂಧಿನಗರದ ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಗಣ್ಯರು ಶಾಲು, ಹಾರ, ಹಣ್ಣಿನ ಬುಟ್ಟಿ, ಹೆಸರು ಕೆತ್ತಿದ ಪ್ರಶಸ್ತಿ ಫಲಕ ಹಿಡಿದು, ಬೀಗರ ದಾರಿ ಕಾಯುವವರ ಹಾಗೆ ನಿಂತಿದ್ದರು.

"ಅವ್ವ, ನಿನ್ನ ಕರಿಯಾಕತ್ತಾರ. ಏಳು" ಎಂದು ಮಗಳು ಸುನಂದಾ ಮೊಣಕೈಯಿಂದ ತಿವಿದಳು.

"ಈರಮ್ಮನ್ನ ಕರಿಯಾಕತ್ತಾರ. ಆಕಿ ಹೋಗಲಿ."

"ಒಂದು ಅಕ್ಷರಕ್ಕ ಹಿಂಗ ಹಟ ಮಾಡ್ತಾರೇನಬೇ? ಎಲ್ಲಾರೂ ನೋಡಾಕತ್ತಾರ."

ನೋಡಲಿ ಎಂದು ಎರ್ರಮ್ಮ ಸೆರಗು ಸರಿಮಾಡಿಕೊಂಡು ಕೂತಲ್ಲೇ ಗೂಟ ಹೊಡೆದಳು. ಒಂದು ಅಕ್ಷರವಂತೆ! ಹನ್ನೆರಡು ವರ್ಷ ಜೀನ್ಸ್ ಹೊಲಿದು, ಅದರ ಮೇಲೆ ಕಂಡವರ ಕಂಪನಿಯ ಹೆಸರು ಹಚ್ಚಿ ಕಳಿಸಿದವಳು ಅವಳು. ದುಡಿದದ್ದು ಇವಳು, ಮೆರೆದದ್ದು ಅವರು. ಇನ್ನು ಮೇಲೆ ನನ್ನ ಹೆಸರಿನಲ್ಲೇ ಮಾರುತ್ತೇನೆ ಎಂದಾಗ ವ್ಯಾಪಾರಿಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದರು. ಈಗ ಆ ಹೆಸರಿಗೇ ಸನ್ಮಾನ ಬಂದು, ಅದೂ ಇನ್ಯಾವಳದೋ ಪಾಲಾದರೆ ಮೈ ಉರಿಯದೆ ಇದ್ದೀತೇ?

ಸನ್ಮಾನ ಏರ್ಪಡಿಸಿದ್ದ ಉದ್ಯಮಿಗಳ ಸಂಘದ ಕಾರ್ಯದರ್ಶಿ ಪ್ರಾಣೇಶ ಓಡಿಬಂದು ಬಗ್ಗಿದರು. "ಎರ್ರಮ್ಮೋರ, ನಾವು ಸರಿಯಾಗೇ ಬರೆದು ಕಳಿಸಿದ್ವಿ. ಫಲಕ ಕೆತ್ತಿದೋರು ಬೆಂಗಳೂರಿನೋರು. ಎರ್ರಮ್ಮ ಅಂತ ಹೆಸರೇ ಇರಂಗಿಲ್ಲ ಅಂತ ತಾವೇ ತಿದ್ದಿಬಿಟ್ಟಾರ. ಈ ನಿರೂಪಕರೂ ಅಲ್ಲಿಯೋರೇ, ಫಲಕ ನೋಡಿ ಓದಾಕತ್ತಾರ."

"ತೆಲುಗಿನಾಗ ಎರ್ರ ಅಂದ್ರ ಕೆಂಪು. ಬಳ್ಳಾರ‍್ಯಾಗ ಕೂಸಿಗೂ ಗೊತ್ತೈತಿ. ನನ್ನ ಅಜ್ಜಿ ಹೆಸರದು. ತಿದ್ದಾಕ ಅವರ್ಯಾರು?"

ಪ್ರಾಣೇಶ ಬೆವರೊರೆಸಿಕೊಳ್ಳುತ್ತ ವೇದಿಕೆ ಹತ್ತಿ ನಿರೂಪಕನ ಕಿವಿಯಲ್ಲಿ ಏನೋ ಉಸುರಿದರು. ಕೇಳಿಸಿಕೊಳ್ಳಲು ಅವನು ಸಭೆಗೆ ಬೆನ್ನು ಮಾಡಿ ಬಗ್ಗಿದ. ಕೋಟು ಮೇಲೆ ಸರಿಯಿತು. ಎರ್ರಮ್ಮನ ಕಣ್ಣು ಅವನ ಸೊಂಟದ ಹತ್ತಿರ ನಿಂತಿತು. ಆಮೇಲೆ ಅವಳಿಗೆ ನಗು ಬಂತು. ಯಾರೂ ಕರೆಯದಿದ್ದರೂ ಎದ್ದು ದಡದಡ ಮೆಟ್ಟಿಲು ಹತ್ತಿದಳು. ಅವ್ವ ಜಗಳಕ್ಕೇ ಹೋದಳೆಂದು ಸುನಂದಾ ಹಣೆ ಹಿಡಿದುಕೊಂಡಳು.

"ಸಾರಿ ಮೇಡಂ" ಎಂದ ನಿರೂಪಕ ಪೆಚ್ಚಾಗಿ. "ನೀವೇ ಒಂದ್ಸಲ ಮೈಕ್‌ನಲ್ಲಿ ಸರಿಯಾಗಿ ಹೇಳ್ಬಿಡಿ. ಹೊಸ ಫಲಕ ಮಾಡಿಸಿ ಕಳಿಸ್ತಾರೆ."

ಎರ್ರಮ್ಮ ಶಾಲು ಹೊದೆಸಿಕೊಂಡಳು, ಹಾರ ಹಾಕಿಸಿಕೊಂಡಳು, ಫಲಕವನ್ನು ಮಾತ್ರ ಮುಟ್ಟಲಿಲ್ಲ. ಮೈಕು ಹಿಡಿದಾಗ ಅವಳ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ, ಬರೀ ಹಿಗ್ಗು.

"ನನ್ನ ಹೆಸರು ಯಾರಿಗೆ ಬರಿಯಾಕ ಬರಂಗಿಲ್ಲೋ, ಅವರು ಈ ಸಾಹೇಬ್ರ ಪ್ಯಾಂಟಿನ ಹಿಂದ ನೋಡಿ ಬರ್ಕೊಳ್ರಿ."

ಫೋಟೋದವರು ಗಣ್ಯರನ್ನೆಲ್ಲ ಬಿಟ್ಟು ನಿರೂಪಕನ ಬೆನ್ನ ಹಿಂದೆ ಓಡಿದರು. ಅವನ ಜೀನ್ಸಿನ ಸೊಂಟಪಟ್ಟಿಗೆ ಹೊಲಿದಿದ್ದ ಚರ್ಮದ ತುಂಡಿನ ಮೇಲೆ, ಒಂದು ಒತ್ತಕ್ಷರವೂ ತಪ್ಪದೆ, 'ಎರ್ರಮ್ಮ' ಎಂದಿತ್ತು.