ಮಸುಕು ಮಾಡಿದ ಗಾಯ

ಬೆಳಿಗ್ಗೆ ಒಂಬತ್ತಕ್ಕೆ ಹಾಕಿದ ವಿಡಿಯೊದ ಪಕ್ಕದಲ್ಲಿ ಒಂಬತ್ತೂ ಹತ್ತಕ್ಕೆಲ್ಲ ಹಳದಿ ಗುರುತು ಬಿತ್ತು. ಮಗಳು ಲ್ಯಾಪ್‌ಟಾಪನ್ನು ಅಮ್ಮನ ಕಡೆ ತಿರುಗಿಸಿದಳು.

"ಓದು. 'ಆಘಾತಕಾರಿ ದೃಶ್ಯ, ಜಾಹೀರಾತಿಗೆ ಯೋಗ್ಯವಲ್ಲ.' ಎರಡನೇ ಎಚ್ಚರಿಕೆ ಅಮ್ಮ ಇದು. ಇನ್ನೊಂದು ಬಂತೂ ಅಂದ್ರೆ ಇಡೀ ಚಾನೆಲ್ಲಿಗೇ ದುಡ್ಡು ಬಂದ್."

ಅಮ್ಮ ಮೂವತ್ತೊಂದು ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು. ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆಂದು ಕ್ಯಾಮೆರಾ ಮುಂದೆ ಹೇಳಿಕೊಡುತ್ತಿದ್ದಳು. ಮಗಳು ಫೋಟೊ ಸ್ಟುಡಿಯೊದ ಕೆಲಸ ಬಿಟ್ಟು ಬಂದು ಅದನ್ನು ಚಿತ್ರೀಕರಿಸುತ್ತಿದ್ದಳು. ಮನೆ ಬಾಡಿಗೆ ಹೋಗುತ್ತಿದ್ದುದು ವಿಡಿಯೊಗಳ ಜಾಹೀರಾತಿನಿಂದಲೇ. ಈ ಸಲದ್ದು ಹಾಸಿಗೆ ಹುಣ್ಣಿನ ಆರೈಕೆ. ಹುಣ್ಣು ಹಿಂದಿನ ಬೀದಿಯ ಮೇಷ್ಟ್ರದು. ಒಪ್ಪಿಗೆ ಕೇಳಿದಾಗ ಅವರು, "ನನ್ನ ಬೆನ್ನು ನನಗಂತೂ ನೋಡಕ್ಕಾಗಲ್ಲ, ಊರಿನವರಾದ್ರೂ ನೋಡ್ಲಿ ಬಿಡಿ" ಎಂದು ನಕ್ಕಿದ್ದರು.

"ಹುಣ್ಣು ತೋರಿಸ್ದೆ ಇನ್ನೇನು ತೋರಿಸ್ಲಿ?" ಎಂದಳು ಅಮ್ಮ. "ಅಂಚು ಯಾವ ಬಣ್ಣ ಇದೆ ಅನ್ನೋದೇ ಪಾಠ. ಕೆಂಪಗಿದ್ರೆ ಮನೇಲಿ ಡ್ರೆಸ್ಸಿಂಗ್, ಕಪ್ಪಾದ್ರೆ ಆಸ್ಪತ್ರೆ."

"ನನಗೆ ಹೇಳಿದ್ರೆ ಏನು ಬಂತು? ಆ ವಿಡಿಯೊ ಕಂಪನಿಯವರಿಗೆ ಹೇಳ್ಬೇಕು."

ಅವರಿಗೆ ಹೇಳಲು ಇದ್ದದ್ದು ಒಂದೇ ಒಂದು ಮೇಲ್ಮನವಿ. ಮಗಳು ಬರೆದಳು, ಅಳಿಸಿದಳು, ಮತ್ತೆ ಬರೆದು ಕಳಿಸಿ ಉಗುರು ಕಚ್ಚುತ್ತಾ ಕೂತಳು. ವಿಡಿಯೊ ಹದಿನೆಂಟು ನಿಮಿಷದ್ದು. ಉತ್ತರ ನಾಲ್ಕೇ ನಿಮಿಷದಲ್ಲಿ ಬಂತು. ತಿರಸ್ಕರಿಸಲಾಗಿದೆ. ಯಾರು ನೋಡಿದರು, ಏನು ನೋಡಿದರು, ಕೇಳುವುದಕ್ಕೆ ಒಂದು ಹೆಸರಿಲ್ಲ, ಫೋನ್ ನಂಬರಿಲ್ಲ. ಮಧ್ಯಾಹ್ನದೊಳಗೆ ಅವಳು ಹುಣ್ಣು ಕಾಣುವ ಜಾಗವನ್ನೆಲ್ಲ ಮಸುಕು ಮಾಡಿದಳು. ಗುರುತು ಹಸಿರಾಯಿತು.

ಅಮ್ಮ ನೋಡಿ, "ಮಂಜಿನೊಳಗೆ ಕೈಯಾಡಿಸ್ತಿರೋ ಹಾಗಿದೆ" ಎಂದಳು.

"ಈ ತಿಂಗಳೊಂದು ಕಳೀಲಿ ಅಮ್ಮ. ನಿನ್ನ ದಮ್ಮಯ್ಯ."

ಒಂಬತ್ತನೇ ದಿನ ಹನ್ನೊಂದು ಗಂಟೆಗೆ ಫೋನ್ ಬಂತು. ಶಾಲಾ ಬಸ್ ಓಡಿಸುವವನಂತೆ, ವಿಡಿಯೊದ ಕೆಳಗಿದ್ದ ನಂಬರ್ ನೋಡಿ ಮಾಡಿದ್ದ. "ಮೇಡಂ, ನಮ್ಮಮ್ಮಂಗೂ ಬೆನ್ನಲ್ಲಿ ಹುಣ್ಣು. ನೀವು ಹೇಳ್ದ ಹಾಗೇ ದಿನಾ ತೊಳೆದು ಕಟ್ತಿದ್ದೀನಿ. ಆದ್ರೂ ಎರಡು ದಿನದಿಂದ ಅವರಿಗೆ ಜ್ವರ."

"ಅಂಚು ಯಾವ ಬಣ್ಣ ಇದೆಯಪ್ಪಾ?"

ಆಚೆ ಕಡೆ ಹೊದಿಕೆ ಸರಿಸಿದ ಸದ್ದು. "ಒಂಥರಾ ಕಪ್ಪು. ವಾರದಿಂದ ಹಂಗೇ ಇದೆ. ವಾಸನೇನೂ ಇದೆ. ನಿಮ್ದು ಮಂಜು ಮಂಜಾಗಿತ್ತಲ್ಲ, ನೀವು ಅದನ್ನೇ ಮನೇಲಿ ವಾಸಿ ಮಾಡ್ತಿದ್ರಿ. ಇದೂ ಅಂಥದ್ದೇ ಅಂದ್ಕೊಂಡೆ."

"ಫೋನಿಡು. ಈಗಿಂದೀಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗು. ಬಟ್ಟೆಬರೆ ಅಂತ ಹುಡುಕ್ತಾ ನಿಲ್ಬೇಡ."

ಅಮ್ಮ ಫೋನಿಟ್ಟು ಮಗಳ ಕಡೆ ತಿರುಗಿದಳು. "ಕಪ್ಪು ಅಂತ ಬಾಯಲ್ಲಿ ಹೇಳಿದ್ದೆ ಕಣೇ. ಎಷ್ಟು ಕಪ್ಪು ಅಂತ ಅವನಿಗೆ ಹೇಗೆ ಗೊತ್ತಾಗ್ಬೇಕು? ತೆಗಿ ಆ ಮಂಜನ್ನ."

"ತೆಗೆದ್ರೆ ಮೂರನೇದು ಬರತ್ತೆ."

"ಬರ್ಲಿ."

"ಬರ್ಲಿ ಅಂದ್ಬಿಟ್ರೆ ಆಯ್ತಾ? ಬಾಡಿಗೆ ಯಾರು ಕಟ್ತಾರೆ? ಇರೋ ಕೆಲಸ ಬಿಟ್ಟು ಬಂದವಳು ನಾನು, ನೀನಲ್ಲ!" ಇಬ್ಬರೂ ಅನ್ನ ಬಡಿಸಿಕೊಂಡರು. ಇಬ್ಬರ ತಟ್ಟೆಯೂ ಹಾಗೇ ಉಳಿಯಿತು. ಅಮ್ಮ ಎರಡು ಸಲ ಅವನ ನಂಬರಿಗೆ ಫೋನ್ ಮಾಡಿದಳು. ಎತ್ತಲಿಲ್ಲ.

ನಾಲ್ಕೂವರೆಗೆ ಅವನೇ ಮಾಡಿದ. ಮಗಳೇ ಸ್ಪೀಕರ್ ಒತ್ತಿದಳು.

"ಕೊಳೆತಿದ್ದನ್ನೆಲ್ಲ ಕತ್ತರಿಸಿ ತೆಗೆದ್ರು ಮೇಡಂ. ಎರಡು ದಿನ ಕಳೀದೆ ಏನೂ ಹೇಳಕ್ಕಾಗಲ್ಲ ಅಂದ್ರು. ವಾರದ ಹಿಂದೇನೇ ಕರ್ಕೊಂಡು ಬರಕ್ಕೆ ಏನಾಗಿತ್ತು ನಿನಗೆ ಅಂತ ಡಾಕ್ಟ್ರು ಬೈದ್ರು." ಅವನು ಮೂಗು ಒರೆಸಿಕೊಂಡ. "ವಿಡಿಯೊ ನೋಡ್ಕೊಂಡು ಮಾಡ್ತಿದ್ದೆ ಸಾರ್ ಅಂದೆ."

ಮಗಳು ಎದ್ದು ಹೋಗಿ ಲ್ಯಾಪ್‌ಟಾಪ್ ತೆರೆದಳು. ಮಸುಕು ತೆಗೆಯುವುದು ಒಂದು ಗುಂಡಿಯ ಕೆಲಸ. ಮೂರನೇ ಎಚ್ಚರಿಕೆ ಬರಲು ಆರು ನಿಮಿಷ ಹಿಡಿಯಿತು. ನಿಮ್ಮ ಚಾನೆಲ್ಲಿನ ಗಳಿಕೆಯನ್ನು ಸ್ಥಗಿತಗೊಳಿಸಲಾಗಿದೆ, ಸಹಕಾರಕ್ಕೆ ಧನ್ಯವಾದ. ಅವಳು ಹಳೆಯ ಸ್ಟುಡಿಯೊದ ಯಜಮಾನನಿಗೆ, ಕೆಲಸವಿದ್ದರೆ ಹೇಳಿ ಎಂದು ಸಂದೇಶ ಕಳಿಸಿದಳು. ಅವನು ಓದಿದ. ಉತ್ತರಿಸಲಿಲ್ಲ.

ಮರುದಿನ ಬೆಳಿಗ್ಗೆ, ಹುಣ್ಣಿನ ಅಂಚು ಸಣ್ಣ ಫೋನಿನಲ್ಲೂ ಸರಿಯಾಗಿ ಕಾಣುತ್ತದೆಯೋ ನೋಡೋಣ ಎಂದು ಅಮ್ಮ ತನ್ನ ಫೋನಿನಲ್ಲಿ ವಿಡಿಯೊ ಹಚ್ಚಿದಳು. ಹುಣ್ಣು ಬರುವ ಮೊದಲು ಬೇರೇನೋ ಬಂತು. ಬೆಳ್ಳನೆಯ ಹಾಸಿಗೆಯ ಮೇಲೆ ಒಬ್ಬಳು ನಗುತ್ತಾ ಹೊರಳಿದಳು. ಇಂಥ ಮೆತ್ತನೆಯ ಹಾಸಿಗೆ ಇನ್ನೊಂದಿಲ್ಲ ಎಂದಿತು ಹಿನ್ನೆಲೆಯ ದನಿ.

"ಏನೇ ಇದು? ಜಾಹೀರಾತು ನಿಲ್ಲಿಸಿದ್ರು ಅಂದ್ಯಲ್ಲ?"

"ನಿಂತಿರೋದು ನಮ್ಮ ಪಾಲು ಅಮ್ಮ. ಜಾಹೀರಾತು ಅವರದ್ದು, ಅದು ನಡೀತಾನೇ ಇರತ್ತೆ."

ಹಾಸಿಗೆಯವಳು ಮುಗಿಸುವವರೆಗೂ ಅಮ್ಮ ಫೋನನ್ನು ಹಾಗೇ ಹಿಡಿದುಕೊಂಡಿದ್ದಳು.

"ಹಾಗಾದ್ರೆ ಹುಣ್ಣು ನೋಡಿ ಅವರಿಗೇನೂ ಆಘಾತ ಆಗಿಲ್ಲ ಅನ್ನು."