ಅಬೂ ಹೈಥಮ್‌ನ ಶಿಫಾರಸು

ಅಬೂ ಹೈಥಮ್ ಡ್ರೈವಿಂಗ್ ಪರೀಕ್ಷಕ ತೈಸೀರ್‌ನ ತೋಳು ಹಿಡಿದು ನೀರಿನ ಟ್ಯಾಂಕಿನ ಮರೆಗೆ ಎಳೆದುಕೊಂಡು ಹೋದ.

“ಮೊನ್ನೆ ಹೇಳಿದ್ದು ನೆನಪಿದೆ ತಾನೆ?”

“ನೆನಪಿದೆ ಕಣೋ. ಮೊದಲು ಕೈ ಬಿಡು, ಜನ ನೋಡ್ತಿದ್ದಾರೆ.”

“ನೋಡಲಿ ಬಿಡು. ಇಲ್ಲಿ ಯಾರು ಸುಮ್ನೆ ಬಂದಿದ್ದಾರೆ? ಎಲ್ಲರೂ ಶಿಫಾರಸಿಗೆ ಒಬ್ಬೊಬ್ಬ ಮಾವನನ್ನ ಹಿಡ್ಕೊಂಡೇ ಬಂದಿರೋದು.”

ತೈಸೀರ್ ನಗಲಿಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. “ಗಾಡಿ ಓಡಿಸೋಳು ನಿನ್ನ ಮಗಳು, ನಾನಲ್ಲ. ಕೈಲಾದದ್ದು ಮಾಡ್ತೀನಿ,” ಎಂದು ಪಟ್ಟಿ ಹಿಡಿದು ಹೊರಟುಹೋದ.

ಶಿಫಾರಸು ಈ ಮನೆಗೆ ಹೊಸದಲ್ಲ. ಹಿರಿಮಗ ಹೈಥಮ್‌ಗೆ ಹದಿನೆಂಟು ತುಂಬಿದ ವಾರವೇ ಲೈಸೆನ್ಸ್ ಬಂದಿತ್ತು. ಒಂದು ಫೋನು, ಒಂದು ಲೋಟ ಏಲಕ್ಕಿ ಕಾಫಿ, ಅಷ್ಟೇ. ಹುಡುಗ ಪರೀಕ್ಷೆಯ ಕಾರಿನಲ್ಲಿ ಕುಳಿತೂ ಇರಲಿಲ್ಲ. ಮನೆಮಂದಿಯೆಲ್ಲ ಕುನಾಫಾ ಸಿಹಿ ತಿಂದು ಬೀಗಿದ್ದರು.

ಮಗಳು ಬತೂಲ್‌ಗೆ ಮಾತ್ರ ಅದು ಆಗದು. ಹೆರಿಗೆ ನರ್ಸ್ ಆಗಿದ್ದ ಅವಳಿಗೆ ಅಜ್ಲೂನ್ ಬೆಟ್ಟದ ಮೇಲಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಹಳ್ಳಿಯಿಂದ ಹಳ್ಳಿಗೆ ತಾನೇ ಕಾರು ಓಡಿಸಿಕೊಂಡು ಹೋಗಬೇಕು. ಭಾನುವಾರದೊಳಗೆ ಲೈಸೆನ್ಸ್ ತೋರಿಸದಿದ್ದರೆ ಕೆಲಸ ಬೇರೆಯವಳ ಪಾಲು. ಇಂದು ಗುರುವಾರ. ಇದು ಮೂರನೆಯ ಪರೀಕ್ಷೆ, ಕೊನೆಯ ಅವಕಾಶ.

ಮೊದಲ ಸಲ ಕನ್ನಡಿ ನೋಡುವುದು ಅರೆಕ್ಷಣ ತಡವಾಯಿತೆಂದು ಫೇಲ್. ಎರಡನೆಯ ಸಲ ಚಕ್ರ ಬಿಳಿ ಗೆರೆ ಮುಟ್ಟಿತೆಂದು ಫೇಲ್. “ಮುಟ್ಟಿರಲಿಲ್ಲ, ಆಣೆ ಮಾಡ್ತೀನಿ!” ಎಂದು ಅತ್ತಿದ್ದ ಹುಡುಗಿ ಮರುದಿನವೇ ಮತ್ತೆ ಹತ್ತು ಪಾಠಕ್ಕೆ ಹೆಸರು ಬರೆಸಿ ಬಂದಿದ್ದಳು. ಅಡುಗೆಮನೆಯ ನೆಲದಲ್ಲಿ ಮನೆಯವರ ಚಪ್ಪಲಿಗಳನ್ನೆಲ್ಲ ಸಾಲಾಗಿಟ್ಟು, ಅವುಗಳ ನಡುವೆ ಆಟಿಕೆ ಕಾರನ್ನು ಹಿಮ್ಮುಖವಾಗಿ ಓಡಿಸುತ್ತಿದ್ದಳು. ಅವಳಮ್ಮ ಬೈದು ಬೈದು ಸುಸ್ತಾಗಿದ್ದಳು.

ಇಂದು ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಬರುವಾಗ ಹೇಳಿದ್ದಳು: “ಅಪ್ಪ, ನೀವು ಯಾರ ಹತ್ರಾನೂ ಮಾತಾಡಬಾರದು. ಅಣ್ಣನ ಹಾಗೆ ನಂಗೆ ಬೇಡ. ಕಲಿತೇ ತಗೊಳ್ತೀನಿ.”

“ಮಾತಾಡಲ್ಲ ಮಗಳೇ,” ಎಂದಿದ್ದ ಅಬೂ ಹೈಥಮ್. ಹೇಳುವಾಗ ಕಿಟಕಿಯ ಆಚೆ ನೋಡುತ್ತಿದ್ದ.

ಈಗ ಬೇಲಿಯ ಪಕ್ಕದಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಅತ್ತಿಂದಿತ್ತ ಓಡಾಡುತ್ತಿದ್ದ. ತೈಸೀರ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬತೂಲ್ ಓಡಿಸುತ್ತಿದ್ದ ಕಾರು ಇಳಿಜಾರಿನ ನಡುವೆ ನಿಂತಿತು. ಅವನ ಉಸಿರೂ ನಿಂತಿತು. ಕಾರು ಒಂದಿಂಚೂ ಹಿಂದೆ ಜಾರದೆ ಮೇಲೇರಿತು. ಆಮೇಲೆ ಕಂಬಗಳ ನಡುವೆ ಹಿಮ್ಮುಖವಾಗಿ ನುಸುಳತೊಡಗಿತು. ಹಿಂದಿನ ಚಕ್ರ ಒಂದು ಕಂಬದ ಬುಡಕ್ಕೇ ಬಂತು. “ದೇವರೇ, ದೇವರೇ,” ಎಂದು ತಂತಿಯನ್ನು ಬಿಗಿಯಾಗಿ ಹಿಡಿದ. ಕಂಬ ಅಲುಗಲಿಲ್ಲ. ಕಾರು ಗೇಟು ದಾಟಿ ರಸ್ತೆಗಿಳಿಯಿತು.

“ಅಬೂ ಹೈಥಮ್, ಕುನಾಫಾ ಯಾವಾಗ?” ಕಾಫಿ ಮಾರುವವನು ಕಿಚಾಯಿಸಿದ. “ಹುಡುಗಿ ನಿಮಗಿಂತ ಚೆನ್ನಾಗಿ ಓಡಿಸ್ತಾಳಲ್ಲ!”

“ನಿನ್ನ ಕೆಲಸ ನೋಡ್ಕೋ,” ಎಂದು ಅಬೂ ಹೈಥಮ್ ರೇಗಿದ. ಕಾಫಿಯವನಿಗೆ ಅಚ್ಚರಿಯಾಯಿತು.

ಹದಿನೈದು ನಿಮಿಷ. ಇಪ್ಪತ್ತು. ಎರಡು ಸಿಗರೇಟು ಮುಗಿದವು. ರಸ್ತೆಯಲ್ಲಿ ಎಲ್ಲೋ ಬ್ರೇಕು ಕಿರುಚಿದಾಗ ಗೇಟಿನವರೆಗೆ ಓಡಿ, ಮತ್ತೆ ಬಂದು ಬೇಲಿಗೊರಗಿ ನಿಂತ.

ಕಾರು ಬಂತು. ಬತೂಲ್ ಇಳಿದಳು. ಒಂದು ಕ್ಷಣ ಸುಮ್ಮನೆ ನಿಂತವಳು ಓಡಿಬಂದು ಅವನನ್ನು ತಬ್ಬಿಕೊಂಡಳು.

“ಪಾಸಾದೆ ಅಪ್ಪ! ಯಾರ ಹಂಗೂ ಇಲ್ಲದೆ ಪಾಸಾದೆ!”

ಅಬೂ ಹೈಥಮ್ ಅವಳ ತಲೆ ಸವರಿದ. ಕಣ್ಣೀರು ಗಡ್ಡಕ್ಕಿಳಿಯಿತು. ಅದನ್ನು ಕಂಡು ಬತೂಲ್ ತಾನೂ ಅತ್ತಳು, ನಕ್ಕಳು, ಲೈಸೆನ್ಸಿಗೆ ಫೋಟೊ ತೆಗೆಸಲು ಕಚೇರಿಯ ಕಿಟಕಿಯತ್ತ ಓಡಿದಳು.

ತೈಸೀರ್ ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತ. “ಸಂದಿಯಿಂದ ಒಂದು ಪಿಕಪ್ ಸಿಗ್ನಲ್ಲೇ ಕೊಡದೆ ನುಗ್ಗಿತು ಕಣೋ. ನಾನು ಬ್ರೇಕಿಗೆ ಕಾಲಿಡೋ ಮೊದಲೇ ಇವಳು ನಿಲ್ಲಿಸಿ ಆಗಿತ್ತು.”

ಅಬೂ ಹೈಥಮ್ ಅವನತ್ತ ತಿರುಗಲಿಲ್ಲ. “ನಾನು ಕೇಳಿದ್ದು ಒಂದೇ ಒಂದು ಮಾತು,” ಎಂದ.

“ಎರಡು ಸಲ ನೀನು ಬೇಡಿಕೊಂಡೆ ಅಂತ ನಾನು ಇಲ್ಲದ ತಪ್ಪು ಹುಡುಕಿ ಅವಳನ್ನ ಫೇಲ್ ಮಾಡಿದೆ, ಇನ್ನು ನನ್ನ ಕೈಲಿ ಆಗಲ್ಲ, ಕಾರು ಓಡಿಸೋದು ಬೇಡ ಅಂತ ನೀನೇ ಅವಳಿಗೆ ಹೇಳ್ಕೋ,” ಎಂದ ತೈಸೀರ್. “ಸ್ಟೀರಿಂಗ್ ಮುಟ್ಟದ ಹುಡುಗನಿಗೆ ನಿನ್ನ ಒಂದು ಫೋನಿಗೆ ಪಾಸು ಅಂತ ಬರೆದುಕೊಟ್ಟೆ, ವರ್ಷ ತುಂಬೋದ್ರೊಳಗೆ ನಾವಿಬ್ಬರೇ ಹೈಥಮ್‌ನ ಹೆಣಕ್ಕೆ ಹೆಗಲು ಕೊಟ್ವಿ.”