ಉಪ್ಪಿನಕಾಯಿ ಬಾಟಲಿ

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಈಗಲೂ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆದರೆ ಇರಕಲ್ಲಗಡದ ನಮ್ಮ ಅಂಗಳದ ಒಂದು ಮಧ್ಯಾಹ್ನ ಮೂಗಿಗೆ ಬಡಿಯುತ್ತದೆ.

ಅವ್ವನ ಪಾದಗಳು ಬಾತಿದ್ದವು. ಹಿಂದಿನ ದಿನ ನಾವು ಉಪ್ಪಿನಕಾಯಿ ಬಾಟಲಿಯಲ್ಲಿ ಒಯ್ದಿದ್ದ ಅವಳ ಮೂತ್ರ ಪರೀಕ್ಷಿಸಿದ ಕೊಪ್ಪಳದ ಲ್ಯಾಬಿನವನು, "ಮೂತ್ರದಾಗ ಪ್ರೋಟೀನ್ ಭಾಳ ಹೋಗಾಕತ್ತೈತ್ರಿ. ಕಿಡ್ನಿ ಡಾಕ್ಟರಿಗೆ ತೋರಿಸ್ರಿ" ಎಂದಿದ್ದ.

ಅಜ್ಜಿ ಒಪ್ಪಲಿಲ್ಲ. "ಉಪ್ಪಿನಕಾಯಿ ಬಾಟ್ಲಿಯೊಳಗ ಒಯ್ದರ ಮತ್ತೇನ ಬರ್ತೈತಿ? ಆ ಮಾವಿನಕಾಯಿ ಕಿಡ್ನಿನ ಕೆಟ್ಟಿರಬೇಕು!"

ಅವ್ವನೂ ನಕ್ಕಳು. ಆಮೇಲೆ ಅದೇ ಬಾಟಲಿಗೆ ಬೂದಿ ಹಾಕಿ ತಿಕ್ಕಿದಳು, ಬಿಸಿನೀರಿನಲ್ಲಿ ಅದ್ದಿದಳು, ಬಿಸಿಲಿಗೆ ಬೋರಲು ಹಾಕಿದಳು. ಒಣಗಿದ ಮೇಲೆ ನನ್ನ ಮೂಗಿಗೆ ಹಿಡಿದಳು.

"ಸಾಸಿವಿ ವಾಸ್ನಿ ಬರ್ತೈತೇನು, ನೋಡವಾ."

"ಇಲ್ಲಬೇ."

"ಖರೇನ?"

"ಖರೇನಬೇ."

ಅವಳ ಮುಖ ಅರಳಿತು. "ಹಂಗಾರ ನಾಳಿ ಎಲ್ಲಾ ಛಲೋ ಬರ್ತೈತಿ."

ಮರುದಿನ ಮತ್ತೆ ಕೊಪ್ಪಳಕ್ಕೆ ಹೋದೆವು. ಬಾಟಲಿಯೊಳಗೆ ಮೂತ್ರದ ನೊರೆ ಆರದೆ ನಿಂತಿತ್ತು. ಪರೀಕ್ಷೆ ಮಾಡಿ ಹೊರಬಂದ ಲ್ಯಾಬಿನವನು ಅವ್ವನ ಮುಖ ನೋಡಲಿಲ್ಲ.

"ಬಾಟ್ಲಿ ಭಾಳ ಸ್ವಚ್ಛ ತೊಳದೀರಬೇ" ಎಂದ. "ಪ್ರೋಟೀನ್ ಮಾತ್ರ ಮೊನ್ನಿ ಇದ್ದಷ್ಟ ಐತಿ."

ಒಂದು ಖಾಲಿ ಡಬ್ಬಿಯನ್ನೂ ಎಂದೂ ಎಸೆಯದ ಅವ್ವ, ಆ ದಿನ ಬಾಟಲಿಯನ್ನು ವಾಪಸ್ ಕೇಳಲಿಲ್ಲ.